ಆರೈಕೆಯ ಮನೆಯಲ್ಲಿ ನೆಂಟಸ್ತಿಕೆ

ಆಸ್ಪತ್ರೆಯ ಹೊಸ್ತಿಲು ದಾಟಿದೊಡನೆ ಅಪರಿಚಿತರೆಲ್ಲರೂ ನೆಂಟರಾಗಿಬಿಡುತ್ತಾರೆ. ದಾದಿಯನ್ನು ‘ಸಿಸ್ಟರ್’ ಎನ್ನುತ್ತೇವೆ, ಗಂಡಸಾದರೆ ‘ಬ್ರದರ್’. ಮಂಚದ ಮೇಲಿನ ಮುದುಕಿ ಎಲ್ಲರಿಗೂ ‘ಅಜ್ಜಿ’. ಉತ್ತರ ಕನ್ನಡದ ಕಡೆಗಾದರೆ ‘ಆಯಿ’ ಎಂದರೂ ಸಲ್ಲುತ್ತದೆ. ಹಣ ಕೊಟ್ಟು ಪಡೆಯುವ ಸೇವೆಗೂ ಮನುಷ್ಯನು ಸಂಬಂಧದ ಹೆಸರನ್ನೇ ಅರಸುತ್ತಾನೆ. ಇದು ಬಾಯಿಮಾತಿನ ಬಾಂಧವ್ಯ. ಆದರೆ ಅಲ್ಲಿ ಆರೈಕೆಗೆ ನಿಂತ ಇಬ್ಬರು ಹೆಂಗಸರು ನಿಜವಾಗಿಯೂ ಅಕ್ಕ-ತಂಗಿಯರೋ, ಅತ್ತೆ-ಸೊಸೆಯರೋ, ಚಿಕ್ಕಮ್ಮ ಮತ್ತು ಅಕ್ಕನ ಮಗಳೋ ಆಗಿದ್ದರೆ, ಅದರಿಂದ ಮಲಗಿದ ಜೀವಕ್ಕೆ ಒಳಿತೋ ಕೆಡುಕೋ? ಈ ವಾರ ಈ ಪ್ರಶ್ನೆಯನ್ನು ವಾಚಕರೊಡನೆ ವಿಚಾರಿಸಬೇಕೆನಿಸಿದೆ.

‘ನರ್ಸಿಂಗ್ ಹೋಂ’ ಎಂದರೆ ನಮ್ಮಲ್ಲಿ ಖಾಸಗಿಯವರ ಚಿಕ್ಕ ಆಸ್ಪತ್ರೆ ಎಂಬ ಅರ್ಥವೇ ರೂಢಿಯಾಗಿದೆ. ಅಮೆರಿಕದಂಥ ದೇಶಗಳಲ್ಲಿ ಅದು ತಾವಾಗಿ ಎದ್ದು ಓಡಾಡಲಾರದ ವೃದ್ಧರು ವಾಸವಾಗಿರುವ ಶುಶ್ರೂಷಾಲಯ. ಅಂಥವು ಈಗ ನಮ್ಮ ನಗರಗಳಲ್ಲಿಯೂ ಇವೆ. ಇವೆರಡರ ನಡುವಣ ಅಂತರವನ್ನು ಗೃಹಿಣಿಯರು ಬಲ್ಲರು. ನಮ್ಮ ಆಸ್ಪತ್ರೆಗಳಲ್ಲಿ ಮದ್ದು ಸೂಜಿ ದಾದಿಯರ ಪಾಲು. ಗಂಜಿ ಕುಡಿಸುವುದು, ಮೈ ಒರೆಸುವುದು, ರಾತ್ರಿ ಎಚ್ಚರವಿರುವುದು ಜೊತೆಗೆ ಬಂದ ಮನೆಯವರ ಪಾಲು. ಶುಶ್ರೂಷಾಲಯದಲ್ಲಿ ಈ ಎರಡನೆಯ ಪಾಲೂ ಸಂಬಳದವರ ಕೈಗೆ ಹೋಗುತ್ತದೆ. ಮಗಳು ಮಾಡಬೇಕಾದುದನ್ನು ಬೇರೊಬ್ಬರ ಮಗಳು ಮಾಡುತ್ತಾಳೆ.

ಹೀಗೇಕಾಯಿತೆಂದು ತಿಳಿಯಲು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಕಡೆಗೊಮ್ಮೆ ನೋಡಬಹುದು. ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾಗದದ ಗಿರಣಿ 1955ರಲ್ಲಿ ಸ್ಥಾಪಿತವಾಗಿ, ದೂರದೂರದವರನ್ನು ಕಾಡಿನ ನಡುವಿಗೆ ಕರೆತಂದಿತು. ಹಾಗೆ ಬಂದವರು ತಮ್ಮ ಬಳಗವನ್ನು ಹಿಂದೆ ಬಿಟ್ಟು ಬಂದವರು. ಜೋಯಿಡಾದ ಕಡೆ 1980ರ ದಶಕದಲ್ಲಿ ಕಾಳಿ ನದಿಯ ಅಣೆಕಟ್ಟಿನ ನೀರು ಹಳೆಯ ಸೂಪಾ ಪಟ್ಟಣವನ್ನು ಮುಳುಗಿಸಿತು. ಒಂದೇ ಕೇರಿಯ ಜನ ರಾಮನಗರಕ್ಕೂ ಇತರ ಊರುಗಳಿಗೂ ಚದುರಿದರು. ಗೋಡೆಗೆ ಗೋಡೆ ಹತ್ತಿದ್ದ ಬಳಗ ಒಮ್ಮೆ ಚದುರಿತೆಂದರೆ, ಮುಪ್ಪಿನಲ್ಲಿ ‘ಯಾರಾದರೂ ಬಂದಾರು’ ಎಂಬ ಭರವಸೆ ಉಳಿಯುವುದಿಲ್ಲ. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಅರುವತ್ತು ದಾಟಿದವರು ಹತ್ತು ಕೋಟಿಗೂ ಮಿಕ್ಕಿದ್ದರು. ನೂರಕ್ಕೆ ಎಂಟಕ್ಕಿಂತ ಹೆಚ್ಚು. ಈ ಪ್ರಮಾಣ ಏರುತ್ತಲೇ ಇದೆ.

ನೆಂಟರಿಲ್ಲದ ಮುಪ್ಪನ್ನು ಒಂದು ಸಮಾಜ ಹೇಗೆ ಎದುರಿಸಿತೆಂಬುದಕ್ಕೆ ಮುಂಡಗೋಡದಲ್ಲಿಯೇ ಉದಾಹರಣೆಯಿದೆ. ಶ್ರೀ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, 1966ರಲ್ಲಿ, ಅಲ್ಲಿ ಟಿಬೆಟಿಯನ್ ನಿರಾಶ್ರಿತರ ನೆಲೆ ಸ್ಥಾಪಿತವಾಯಿತು. 1959ರ ಬಳಿಕ ಹಿಮಾಲಯವನ್ನು ದಾಟಿ ಬಂದವರಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರಿದ್ದರು. ಒಂಟಿಯಾಗಿ ಬದುಕಿ ಉಳಿದ ಮುದುಕರಿದ್ದರು. ಇಂದು ಆ ನೆಲೆಯಲ್ಲಿ ವೃದ್ಧರಿಗೂ ಅಶಕ್ತರಿಗೂ ಮೀಸಲಾದ ಒಂದು ಆಶ್ರಯವಿದೆ. ಟಿಬೆಟಿಯನ್ನರು ವೃದ್ಧೆಯನ್ನು ‘ಮೋಮೋ-ಲಾ’ ಎಂದೂ ವೃದ್ಧನನ್ನು ‘ಪೋಪೋ-ಲಾ’ ಎಂದೂ ಕರೆಯುತ್ತಾರೆ. ಅಜ್ಜಿ, ಅಜ್ಜ ಎಂದೇ ಅರ್ಥ. ಕೊನೆಯ ‘ಲಾ’ ಗೌರವಸೂಚಕ. ನಮ್ಮ ‘ಅವರು’ ಇದ್ದ ಹಾಗೆ. ರಕ್ತದ ನಂಟು ಇಲ್ಲದೆಡೆಯಲ್ಲಿ ಹೆಸರಿನ ನಂಟನ್ನಾದರೂ ಆ ಭಾಷೆ ಒದಗಿಸಿಕೊಡುತ್ತದೆ.

ಅಲ್ಲಿಯ ವಿಹಾರಗಳಲ್ಲಿ ಮತ್ತೊಂದು ಪದ್ಧತಿಯಿದೆ. ಬಂಗಾಳದ ಬಕ್ಸಾ ಶಿಬಿರದಲ್ಲಿ ಹತ್ತು ವರ್ಷಗಳ ಕಾಲ ಕಷ್ಟಪಟ್ಟ ಭಿಕ್ಷುಗಳು 1969ರ ಸುಮಾರಿಗೆ ಇಲ್ಲಿಗೆ ಬಂದು, ಡ್ರೆಪುಂಗ್ ಮತ್ತು ಗಾಂಡೆನ್ ವಿಹಾರಗಳನ್ನು ಮತ್ತೆ ಕಟ್ಟಿದರು. ಹಿರಿಯ ಭಿಕ್ಷುವು ತನ್ನ ಸೋದರಳಿಯನನ್ನೋ ಅಣ್ಣನ ಮಗನನ್ನೋ ಬಾಲ್ಯದಲ್ಲಿಯೇ ವಿಹಾರಕ್ಕೆ ತಂದು ಓದಿಸುವುದು ಟಿಬೆಟ್ಟಿನಲ್ಲಿ ಹಳೆಯ ರೂಢಿ. ಮಾವ ಹುಡುಗನನ್ನು ಸಾಕುತ್ತಾನೆ. ಮುಂದೆ ಮಾವನ ಕೈ ನಡುಗುವಾಗ ಚಹಾದ ಬಟ್ಟಲನ್ನು ತುಟಿಗೆ ಹಿಡಿಯುವವನು ಆ ಹುಡುಗನೇ. ಸಂಸಾರವನ್ನು ಬಿಟ್ಟವರಿಗೂ ಆರೈಕೆಯ ವಿಷಯದಲ್ಲಿ ಸಂಬಂಧ ಬೇಕಾಯಿತೆಂಬುದು ಚಿಂತನೀಯ. ಆದರೆ ಆ ಮಾವನೂ ಅಳಿಯನೂ ವಿಹಾರದ ನಿಯಮಗಳಿಗೆ ಒಳಪಟ್ಟವರೆಂಬುದನ್ನು ಮರೆಯಬಾರದು.

ಸಂಬಳದ ಶುಶ್ರೂಷೆಗೆ ಬರೋಣ. ಈ ಕೆಲಸಕ್ಕೆ ಜನ ದೊರೆಯುವುದು ಹೆಚ್ಚಾಗಿ ಬಾಯಿಮಾತಿನಿಂದ. ಹಳ್ಳಿಯಿಂದ ಒಬ್ಬಳು ಬಂದು ನೆಲೆಯೂರಿದರೆ, ಮರುವರ್ಷ ತಂಗಿಯನ್ನು ಕರೆತರುತ್ತಾಳೆ. ಆಮೇಲೆ ನಾದಿನಿ ಬರುತ್ತಾಳೆ. ಇದರ ಲಾಭ ಸ್ವಲ್ಪವಲ್ಲ. ಹಾಸಿಗೆ ಹಿಡಿದವರ ಬೆನ್ನಿನಲ್ಲಿ ಹುಣ್ಣಾಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನೋವಾಗದಂತೆ ಎತ್ತಲು ನಾಲ್ಕು ಕೈ ಬೇಕು. ಒಂದೇ ಬಾವಿಯಲ್ಲಿ ನೀರು ಸೇದಿ ಬೆಳೆದ ಇಬ್ಬರಿಗೆ ಹೇಳಿಕೊಡಬೇಕಾಗಿಲ್ಲ; ಒಬ್ಬಳ ಕಣ್ಸನ್ನೆಗೆ ಇನ್ನೊಬ್ಬಳ ಕೈ ಏಳುತ್ತದೆ. ಹೊಸಬಳಿಗೆ ಕೆಲಸ ಕಲಿಸಲು ಅಕ್ಕನಿಗಿರುವ ಸಹನೆ ಮೇಲ್ವಿಚಾರಕಳಿಗಿರುವುದು ಅಪರೂಪ. ಭಾಷೆಯ ಮಾತೂ ಇದೆ. ಕನ್ನಡ, ಕೊಂಕಣಿ, ಮರಾಠಿ, ಉರ್ದು ಬೆರೆತ ಈ ಸೀಮೆಯಲ್ಲಿ, ಮರೆವಿನ ಕಾಯಿಲೆ ಬಂದ ವೃದ್ಧರು ಎಷ್ಟೋ ವೇಳೆ ನಂತರ ಕಲಿತ ನುಡಿಯನ್ನು ಬಿಟ್ಟು ತಾಯ್ನುಡಿಗೇ ಮರಳುತ್ತಾರೆ. ‘ನೀರು’ ಎಂದು ಬೇಡುವವರ ಮಾತು ತಿಳಿಯುವ ಒಂದು ಕಿವಿ ಹತ್ತಿರವಿರುವುದು ಔಷಧಕ್ಕಿಂತ ಕಡಿಮೆಯದಲ್ಲ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. ಊರಿನಲ್ಲಿ ಮದುವೆಯಾದರೆ, ಸಾವು ಸಂಭವಿಸಿದರೆ, ನಾಲ್ವರೂ ಒಂದೇ ದಿನ ರಜೆ ಕೇಳುತ್ತಾರೆ. ಅಂದು ಹಾಸಿಗೆಯಲ್ಲಿರುವವರ ಗತಿಯೇನು? ‘ಅಕ್ಕ ಕೊಟ್ಟಿರಬೇಕು’ ಎಂದು ತಂಗಿ, ‘ತಂಗಿ ಕೊಟ್ಟಿರಬೇಕು’ ಎಂದು ಅಕ್ಕ ನಂಬಿದರೆ, ಅಜ್ಜನ ಮಾತ್ರೆ ತಪ್ಪುತ್ತದೆ. ಇಬ್ಬರೂ ಕೊಟ್ಟರೆ ಇನ್ನೂ ಅಪಾಯ. ಸಂಬಳವನ್ನು ಕರೆತಂದವಳ ಕೈಗೇ ಕೊಟ್ಟರೆ, ದುಡಿದ ಹುಡುಗಿ ತನ್ನ ಬೆವರಿನ ಬೆಲೆಯನ್ನೇ ಕಾಣಳು. ಇವೆಲ್ಲಕ್ಕಿಂತ ದೊಡ್ಡದು ಮೌನ. ಹಿರಿಯಳೊಬ್ಬಳು ಬೇಸತ್ತು ರೋಗಿಯ ತೋಳನ್ನು ಒರಟಾಗಿ ಎಳೆದಳೆನ್ನಿ. ಕಂಡವಳು ಅವಳ ಅಕ್ಕನ ಮಗಳು. ಹೇಳಿದರೆ ಊರಿಗೆ ಹೋಗಿ ಯಾವ ಮುಖ ತೋರಿಸಲಿ ಎಂದು ಆಕೆ ನುಂಗಿಕೊಳ್ಳುತ್ತಾಳೆ. ಮಾತು ಕಳೆದುಕೊಂಡ ರೋಗಿಯೂ ಹೇಳಲಾರ. ಆ ನೋವು ಆ ನಾಲ್ಕು ಗೋಡೆಗಳ ನಡುವೆಯೇ ಇಂಗಿಹೋಗುತ್ತದೆ.

ಹಾಗೆಂದು ಬಂಧುಗಳನ್ನು ಕೆಲಸಕ್ಕೆ ತೆಗೆದುಕೊಳ್ಳಲೇಬಾರದೆನ್ನುವುದು ಅವಿವೇಕ. ನೆಂಟಸ್ತಿಕೆಯ ಪಕ್ಕದಲ್ಲಿ ನಿಯಮವೊಂದು ನಿಲ್ಲಬೇಕು, ಅಷ್ಟೆ. ಎತ್ತುವ, ಮೀಯಿಸುವ ಕೆಲಸಕ್ಕೆ ಅಕ್ಕ-ತಂಗಿಯರ ಜೋಡಿ ಇರಲಿ. ರಾತ್ರಿಯ ಪಾಳಿಯಲ್ಲಿ ಮಾತ್ರ ಒಬ್ಬರಾದರೂ ಹೊರಗಿನವರಿರಲಿ. ಮಾತ್ರೆ ಕೊಟ್ಟವಳು ಆ ಕ್ಷಣವೇ ಪುಸ್ತಕದಲ್ಲಿ ವೇಳೆಯನ್ನು ಬರೆದು ರುಜು ಹಾಕಲಿ. ಸಂಬಳ ಅವರವರ ಹೆಸರಿನ ಬ್ಯಾಂಕ್ ಖಾತೆಗೇ ಸೇರಲಿ. ಅಕ್ಕನ ಮೇಲಿನ ದೂರನ್ನು ತಂಗಿ ಅಕ್ಕನಿಗೇ ಹೇಳಬೇಕಾದ ಪರಿಸ್ಥಿತಿ ಬಾರದಂತೆ, ಕೇಳಿಸಿಕೊಳ್ಳಲು ಮೂರನೆಯವರೊಬ್ಬರಿರಲಿ. ನಿಯಮವೆಂದರೆ ಅಪನಂಬಿಕೆಯಲ್ಲ, ಸಂಬಂಧವನ್ನು ಸಂಕಟದಿಂದ ಕಾಯುವ ಬೇಲಿ.

ಹಿರಿಯರನ್ನು ಅಂಥಲ್ಲಿಗೆ ಸೇರಿಸಬೇಕಾಗಿ ಬಂದ ಮನೆಯವರು ಗೋಡೆಯ ಬಣ್ಣವನ್ನೂ ದರವನ್ನೂ ವಿಚಾರಿಸಿದಂತೆ ಈ ನಾಲ್ಕು ಸಂಗತಿಗಳನ್ನೂ ವಿಚಾರಿಸಬೇಕು. ಮೊದಲೇ ತಿಳಿಸದೆ, ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ನೋಡಬೇಕು. ಆರೈಕೆ ಮಾಡುವವಳ ಹೆಸರನ್ನೂ ಊರನ್ನೂ ಕೇಳಿ ತಿಳಿದು, ಊಟವಾಯಿತೇ ಎಂದು ವಿಚಾರಿಸಬೇಕು. ಅವಳನ್ನು ಆಳೆಂದು ಕಂಡ ಮನೆಯವರು ಅವಳಿಂದ ಮಗಳ ಕೈಯ ಮೃದುತ್ವವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಕಾನೂನೂ ಸುಮ್ಮನಿಲ್ಲ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯಿದೆ ಮಕ್ಕಳನ್ನಷ್ಟೇ ಅಲ್ಲ, ಮಕ್ಕಳಿಲ್ಲದ ಹಿರಿಯರ ಆಸ್ತಿಗೆ ವಾರಸುದಾರನಾಗುವ ಬಂಧುವನ್ನೂ ಹೊಣೆಗಾರನನ್ನಾಗಿಸುತ್ತದೆ. ತಮ್ಮ ಪಾಲನೆಯಲ್ಲಿದ್ದ ಹಿರಿಯರನ್ನು ತೊರೆದು ಕೈತೊಳೆದುಕೊಂಡವರಿಗೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಹಿರಿಯರ ಸಹಾಯಕ್ಕೆಂದೇ 14567 ಎಂಬ ದೂರವಾಣಿ ಸಂಖ್ಯೆಯಿದೆ. ಮನೆಯ ಪಂಚಾಂಗದ ಮೇಲೆ ಬರೆದಿಟ್ಟುಕೊಳ್ಳುವುದು ಲೇಸು.

ಆದರೆ ಮಗ್ಗುಲಾಗಲಾರದ ಮುದುಕಿಯ ಬಳಿಗೆ ನಡುರಾತ್ರಿ ಕಾನೂನು ನಡೆದುಬರಲಾರದು. ಬರುವವಳು ಯಾವುದೋ ಹಳ್ಳಿಯ ಹುಡುಗಿ. ಅವಳ ಜೊತೆಗೆ ಅವಳ ಅಕ್ಕನೂ ಇದ್ದರೆ ಸಂತೋಷವೇ. ಆ ಇಬ್ಬರನ್ನೂ ಗೌರವದಿಂದ ಕಾಣುವ, ಆ ಇಬ್ಬರ ಮೇಲೂ ಒಂದು ಕಣ್ಣಿಟ್ಟಿರುವ ಮನೆ ಅದಾಗಿರಲಿ.