ಮುಗಿಯುವ ಆಟ, ಮುಗಿಯದ ಆಟ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಒಂಟಿಕೊಪ್ಪಲ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆಗಿರುವವಳು ಫೋನ್ ಮಾಡುವುದೇ ಅಪರೂಪ. ಏನಾದರೂ ಬೇಕಿದ್ದರೆ ನೇರವಾಗಿ ಬಂದುಬಿಡುತ್ತಾಳೆ. “ಸ್ವಲ್ಪ ಬಂದು ಹೋಗು” ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಹೋಗಿ ನೋಡಿದರೆ ಇನ್ನೂ ಒಲೆ ಹಚ್ಚಿರಲಿಲ್ಲ. ಮೇಜಿನ ಮೇಲೆ ಬ್ಯಾಂಕಿನ ಪಾಸ್ ಪುಸ್ತಕ, ಪಕ್ಕದಲ್ಲಿ ಅವಳ ಮೊಬೈಲ್. ಒಂಬತ್ತನೆಯ ತರಗತಿಯಲ್ಲಿ ಓದುವ ಅಳಿಯರಾಯರು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಮೂರು ತಿಂಗಳಲ್ಲಿ ಒಮ್ಮೆ 89, ಒಮ್ಮೆ 159, ಒಮ್ಮೆ 449 ಎಂದು ಅಕ್ಕನ ಖಾತೆಯಿಂದ 4,300 ರೂಪಾಯಿಗೂ ಹೆಚ್ಚು ಹಣ ಒಂದು ಆಟಕ್ಕೆ ಹೋಗಿತ್ತು. ಅದರಿಂದ ಬಂದದ್ದೇನು? ಬೊಂಬೆಗೆ ಒಂದು ಅಂಗಿ, ಬಂದೂಕಿಗೆ ಒಂದು ಬಣ್ಣ.

“ಇನ್ನು ಇವನ ಕೈಗೆ ಫೋನೂ ಇಲ್ಲ, ಕಂಪ್ಯೂಟರೂ ಇಲ್ಲ. ಈ ಆಟಗಳಲ್ಲಿ ಒಳ್ಳೇದು ಅಂತ ಒಂದಾದರೂ ಇದ್ದರೆ ನೀನೇ ಹೇಳು” ಎಂದಳು ಅಕ್ಕ.

ನಾನು ಅಳಿಯನ ಪಕ್ಕ ಕೂತು ಆ ಆಟವನ್ನು ತೋರಿಸು ಎಂದೆ. ಸ್ವಲ್ಪ ಹೊತ್ತು ನೋಡಿ, “ಇದು ಯಾವಾಗ ಮುಗಿಯತ್ತೋ?” ಎಂದು ಕೇಳಿದೆ.

“ಮುಗಿಯಲ್ಲ ಮಾವ. ಒಂದು ಸೀಸನ್ ಆದ್ಮೇಲೆ ಇನ್ನೊಂದು ಸೀಸನ್ ಬರತ್ತೆ” ಎಂದ.

ಈ ಮಾತು ನನ್ನನ್ನು ತಟ್ಟಿದ್ದಕ್ಕೆ ಕಾರಣವಿದೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅವನ ವಯಸ್ಸಿನವನಾಗಿದ್ದೆ. ನಮ್ಮ ಬಡಾವಣೆಯ ಟಿ.ವಿ. ರಿಪೇರಿ ಅಂಗಡಿಯೊಂದರ ಹಿಂದಿನ ಕೋಣೆಗೆ ವಿಡಿಯೋ ಗೇಮ್ ಬಂದಿತ್ತು. ಅರ್ಧ ಗಂಟೆಗೆ ಐದು ರೂಪಾಯಿ. ಟ್ಯೂಷನ್ ಮೇಷ್ಟರಿಗೆ ಕೊಡಬೇಕಿದ್ದ ಅರವತ್ತು ರೂಪಾಯಿಯನ್ನು ನಾನು ಆ ಕೋಣೆಯಲ್ಲಿ ಕರಗಿಸಿದೆ. ಚೆಲುವಾಂಬ ಪಾರ್ಕಿನಲ್ಲಿ ವಾಕಿಂಗ್ ಮಾಡುವಾಗ ಮೇಷ್ಟರು ನಮ್ಮ ತಂದೆಯವರಿಗೆ ಎದುರಾದರು, ಗುಟ್ಟು ಬಯಲಾಯಿತು. ಅಂದು ಸಂಜೆ ತಂದೆ ಅಂಗಡಿಗೇ ಬಂದರು. ಬೆನ್ನಿಗೆ ಏಟು ಬಿತ್ತೆಂದುಕೊಂಡೆ. ಅವರು ಸುಮ್ಮನೆ ನನ್ನ ಹಿಂದಿದ್ದ ಸ್ಟೂಲಿನ ಮೇಲೆ ಕೂತರು. ನನಗೆ ಕೈ ನಡುಗಿ, ಎರಡೇ ನಿಮಿಷದಲ್ಲಿ ಉಳಿದಿದ್ದ ಪ್ರಾಣಗಳೆಲ್ಲ ಹೋಗಿ, ಪರದೆಯ ಮೇಲೆ ‘ಗೇಮ್ ಓವರ್’ ಎಂದು ಬಂತು. “ಮುಗೀತೇನೋ? ಬಾ, ಮನೆಗೆ ಹೋಗೋಣ” ಎಂದರು. ಅರವತ್ತು ರೂಪಾಯಿಯನ್ನು ನಾನು ಕೈಖರ್ಚಿನ ದುಡ್ಡಿನಲ್ಲಿ ಐದು ತಿಂಗಳು ತೀರಿಸಿದೆ, ಅದು ಬೇರೆ ಮಾತು.

ನಮ್ಮ ತಂದೆ ಇವತ್ತು ಅಳಿಯನ ಹಿಂದೆ ಹಾಗೆ ಕೂತಿದ್ದರೆ, ಪಾಪ, ಇನ್ನೂ ಕೂತೇ ಇರಬೇಕಾಗಿತ್ತು!

ಅಕ್ಕ ಕೇಳಿದ ಪ್ರಶ್ನೆಗೆ ಅಂದಿನಿಂದ ಉತ್ತರ ಹುಡುಕುತ್ತಿದ್ದೇನೆ. ನಾನು ಆಡಿದ, ಆಡುವುದನ್ನು ನೋಡಿದ ಕೆಲವು ಆಟಗಳ ಗುಣದೋಷಗಳನ್ನು ಇಲ್ಲಿ ಹೇಳುತ್ತೇನೆ. ಇದು ಪಂಡಿತರ ತೀರ್ಪಲ್ಲ, ನನ್ನ ಅಭಿಪ್ರಾಯ ಅಷ್ಟೆ.

ಮೊದಲು ಮಾರಿಯೋ. ಜಪಾನಿನ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ರೂಪಿಸಿದ ‘ಸೂಪರ್ ಮಾರಿಯೋ ಬ್ರದರ್ಸ್’ 1985ರಲ್ಲಿ ಬಂತು. ಎಂಟು ಲೋಕಗಳು, ಲೋಕಕ್ಕೆ ನಾಲ್ಕು ಹಂತ, ಒಟ್ಟು 32. ಇದರ ದೊಡ್ಡ ಗುಣವೆಂದರೆ ಆಡುವುದು ಹೇಗೆಂದು ಯಾರೂ ಹೇಳಿಕೊಡಬೇಕಿಲ್ಲ, ಮೊದಲ ಹಂತವೇ ಮೇಷ್ಟರ ಕೆಲಸ ಮಾಡುತ್ತದೆ. ಎದುರಿಗೆ ಒಂದು ಅಣಬೆಯಂಥ ಪ್ರಾಣಿ ಬರುತ್ತದೆ. ನೆಗೆಯದಿದ್ದರೆ ಸಾಯುತ್ತೀರಿ, ನೆಗೆದರೆ ಉಳಿಯುತ್ತೀರಿ. ಪಾಠ ಮುಗಿಯಿತು. ಸೋತರೆ ತಪ್ಪು ನಿಮ್ಮದೇ, ಮತ್ತೆ ಆಡಿದರೆ ತಿದ್ದಿಕೊಳ್ಳಬಹುದು. ದೋಷವೆಂದರೆ ನಡುವೆ ನಿಲ್ಲಿಸಿ ನಾಳೆ ಅಲ್ಲಿಂದಲೇ ಮುಂದುವರಿಸುವ ಅನುಕೂಲ ಅದರಲ್ಲಿರಲಿಲ್ಲ. ಏಳನೆಯ ಲೋಕ ತಲುಪಿದ ಹುಡುಗನನ್ನು ಊಟಕ್ಕೆ ಎಬ್ಬಿಸಲು ಯಾವ ತಾಯಿಯಿಂದಲೂ ಸಾಧ್ಯವಿರಲಿಲ್ಲ.

‘ಕಾಂಟ್ರಾ’ 1987ರ ಆಟ. ನನ್ನ ಅರವತ್ತು ರೂಪಾಯಿಯಲ್ಲಿ ಹೆಚ್ಚು ಪಾಲು ನುಂಗಿದ್ದು ಇದೇ. ಗುಂಡು ಹಾರಿಸುವುದನ್ನು ಬಿಟ್ಟರೆ ಇದರಲ್ಲಿ ಕಥೆಯೆಂಬುದು ಇಲ್ಲವೇ ಇಲ್ಲ ಎನ್ನಬಹುದು. ಆದರೂ ಒಂದು ಮಾತು ಹೇಳಲೇಬೇಕು. ಇಬ್ಬರು ಜೊತೆಯಾಗಿ ಆಡುವಾಗ ಜಲಪಾತ ಹತ್ತುವ ಹಂತವೊಂದು ಬರುತ್ತದೆ. ಮೇಲಿನವನು ಆತುರಪಟ್ಟು ಹತ್ತಿಬಿಟ್ಟರೆ ಪರದೆ ಮೇಲಕ್ಕೆ ಸರಿದು ಕೆಳಗೆ ಉಳಿದವನು ಸಾಯುತ್ತಾನೆ. ಜೊತೆಗಾರನಿಗಾಗಿ ಕಾಯಬೇಕೆಂಬುದನ್ನು ನಾನು ನೀತಿಪಾಠದ ಪುಸ್ತಕಕ್ಕಿಂತ ಚೆನ್ನಾಗಿ ಆ ಜಲಪಾತದಲ್ಲಿ ಕಲಿತೆ.

ಕಂಪ್ಯೂಟರಿನಲ್ಲಿ ಬಂದ ‘ಪ್ರಿನ್ಸ್ ಆಫ್ ಪರ್ಷಿಯಾ’ಕ್ಕೆ ನನ್ನ ಮೊದಲ ಅಂಕ. 1989ರಲ್ಲಿ ಅಮೆರಿಕದ ಜೋರ್ಡಾನ್ ಮೆಕ್ನರ್ ಇದನ್ನು ಮಾಡಿದ. ತನ್ನ ತಮ್ಮ ಓಡುವುದನ್ನು, ನೆಗೆಯುವುದನ್ನು ಕ್ಯಾಮೆರಾದಲ್ಲಿ ಹಿಡಿದು, ಆ ಚಿತ್ರಗಳನ್ನು ನೋಡಿ ರಾಜಕುಮಾರನ ಚಲನೆಗಳನ್ನು ಬರೆದ. ಅದಕ್ಕೇ ಆ ಪುಟ್ಟ ಬೊಂಬೆ ನಿಜವಾದ ಮನುಷ್ಯನ ಹಾಗೆ ಏದುಸಿರು ಬಿಡುತ್ತಾ ಓಡುತ್ತದೆ. ಇಲ್ಲಿ ಕೈಚಳಕಕ್ಕಿಂತ ತಾಳ್ಮೆ ದೊಡ್ಡದು. ಹೆಜ್ಜೆ ಎಣಿಸಿ ನೆಗೆಯಬೇಕು. ಮುಖ್ಯವಾದ ವಿಷಯ, ರಾಜಕುಮಾರಿಯನ್ನು ಬಿಡಿಸಲು ಇರುವುದು ಅರವತ್ತೇ ನಿಮಿಷ. ಗೆದ್ದರೂ ಸೋತರೂ ಗಂಟೆಯಾದ ಮೇಲೆ ಆಟವಿಲ್ಲ. ದೋಷ? ರಾಜಕುಮಾರಿ ಕಥೆಯುದ್ದಕ್ಕೂ ಅಂತಃಪುರದಲ್ಲಿ ಕೂತು ಮರಳುಗಡಿಯಾರ ನೋಡುವುದನ್ನು ಬಿಟ್ಟು ಹೆಚ್ಚೇನೂ ಮಾಡುವುದಿಲ್ಲ. ಇಂದಿನ ಹೆಣ್ಣುಮಕ್ಕಳು ಇದನ್ನು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ.

1997ರ ‘ಏಜ್ ಆಫ್ ಎಂಪೈರ್ಸ್’ ಓದುವ ಹುಡುಗರ ಆಟ. ಆಹಾರ, ಮರ, ಕಲ್ಲು, ಚಿನ್ನ ಕೂಡಿಸಿ ಶಿಲಾಯುಗದಿಂದ ಕಬ್ಬಿಣ ಯುಗದವರೆಗೆ ರಾಜ್ಯ ಕಟ್ಟಬೇಕು. ಸೈನ್ಯಕ್ಕೇ ಎಲ್ಲ ಖರ್ಚು ಮಾಡಿದರೆ ಹೊಲದಲ್ಲಿ ದುಡಿಯುವವರಿಲ್ಲದೆ ರಾಜ್ಯ ಬೀಳುತ್ತದೆ. ಅರ್ಥಶಾಸ್ತ್ರದ ಮೊದಲ ಪಾಠ ಇದು. ಸುಮೇರಿಯ, ಅಸ್ಸೀರಿಯಗಳ ಹೆಸರನ್ನು ಎಷ್ಟೋ ಮಕ್ಕಳು ಮೊದಲು ಕೇಳಿದ್ದು ಇಲ್ಲಿಯೇ. ಆದರೆ ಚರಿತ್ರೆಯೆಂದರೆ ಪಕ್ಕದವನ ಊರು ಸುಡುವುದು ಎಂಬ ಭಾವನೆಯನ್ನೂ ಇದು ಬಿತ್ತುತ್ತದೆ. ಒಂದು ಆಟಕ್ಕೆ ಎರಡು ಮೂರು ಗಂಟೆ ಹಿಡಿಯುವುದೂ ಉಂಟು. ಪರೀಕ್ಷೆಯ ತಿಂಗಳಿಗೆ ಖಂಡಿತ ಹೇಳಿಸಿದ್ದಲ್ಲ.

ಇಲ್ಲಿಯವರೆಗೆ ಹೇಳಿದವೆಲ್ಲ ಹಳೆಯವು, ಹಳೆಯದೆಲ್ಲ ಚಿನ್ನ ಎನ್ನುತ್ತಿದ್ದಾನೆ ಎಂದುಕೊಳ್ಳಬೇಡಿ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿತ್ನೊವ್ ಮಾಡಿದ ‘ಟೆಟ್ರಿಸ್’ ಹಳೆಯದೇ, ಆದರೆ ಅದು ಮುಗಿಯುವ ಆಟವಲ್ಲ. ಮೇಲಿಂದ ಬೀಳುವ ಏಳು ಬಗೆಯ ತುಂಡುಗಳನ್ನು ಸಂದಿಲ್ಲದಂತೆ ಜೋಡಿಸುತ್ತಲೇ ಇರಬೇಕು, ಗೆಲ್ಲುವುದೆಂಬುದಿಲ್ಲ. ಭಾಷೆ ಬೇಡ, ಹಿಂಸೆಯಿಲ್ಲ, ಬುದ್ಧಿಗೆ ಕಸರತ್ತು. ಇಷ್ಟಾದರೂ ಕಣ್ಣು ಮುಚ್ಚಿದರೆ ತುಂಡುಗಳೇ ಬೀಳುತ್ತವೆ! ನಿಂಟೆಂಡೊ ಯಂತ್ರದ ಟೆಟ್ರಿಸ್‌ನಲ್ಲಿ 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ 157ನೆಯ ಹಂತ ತಲುಪಿ, ಆಟವೇ ಸ್ತಬ್ಧವಾಗಿ ನಿಲ್ಲುವಂತೆ ಮಾಡಿದ. ಅಲ್ಲಿಯವರೆಗೆ ಆ ಯಂತ್ರದ ಆಟವನ್ನು ಯಾವ ಮನುಷ್ಯನೂ ಹೀಗೆ ಸುಸ್ತು ಮಾಡಿದ್ದಿಲ್ಲ.

ಈಗ ಮೊಬೈಲಿಗೆ ಬರೋಣ. 2018ರಲ್ಲಿ ಬಂದ ‘ಪಬ್‌ಜಿ ಮೊಬೈಲ್’ ಗೊತ್ತಿಲ್ಲದ ಪಾಲಕರಿಲ್ಲ. ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ಅದನ್ನು ನಿಷೇಧಿಸಿತು. 2021ರಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ ಬೇರೆ ರೂಪ ಬಂತು. 2022ರಲ್ಲಿ ಅದಕ್ಕೂ ತಡೆ ಬಿತ್ತು, 2023ರಲ್ಲಿ ಮರಳಿ ಬಂದಾಗ 18 ತುಂಬದವರಿಗೆ ದಿನಕ್ಕೆ ಮೂರು ಗಂಟೆ ಎಂಬ ಮಿತಿಯೊಂದಿಗೆ ಬಂತು. ನೂರು ಜನ ದ್ವೀಪಕ್ಕೆ ಇಳಿಯುತ್ತಾರೆ, ಕೊನೆಗೆ ಉಳಿದವನೇ ಗೆದ್ದವನು. ಇದರ ಗುಣವನ್ನು ನಾನು ಕಂಡಿದ್ದೇನೆ. ನಾಲ್ವರು ಸ್ನೇಹಿತರು ನಾಲ್ಕು ಮನೆಗಳಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬರನ್ನೊಬ್ಬರು ಕಾಯುತ್ತಾರೆ. ಕೊರೊನಾ ಕಾಲದಲ್ಲಿ ಬಾಗಿಲು ಹಾಕಿದ್ದಾಗ ಎಷ್ಟೋ ಮಕ್ಕಳಿಗೆ ಇಂಥ ಆಟಗಳೇ ಮೈದಾನವಾದವು. ದೋಷವೂ ಅಲ್ಲಿಯೇ ಇದೆ. ಇದನ್ನು ನಡುವೆ ನಿಲ್ಲಿಸುವಂತಿಲ್ಲ. ಅಮ್ಮ ಊಟಕ್ಕೆ ಕರೆದಾಗ ಎದ್ದರೆ ಮೂವರು ಸ್ನೇಹಿತರಿಗೆ ಮೋಸ, ಏಳದಿದ್ದರೆ ಅಮ್ಮನಿಗೆ ಕೋಪ. ಮಗ ಮಾತು ಕೇಳುವುದಿಲ್ಲ ಎನ್ನುವ ತಾಯಂದಿರು ಈ ಇಕ್ಕಟ್ಟನ್ನು ಅರ್ಥಮಾಡಿಕೊಳ್ಳಬೇಕು. ಒಂದು ಸುತ್ತಿಗೆ ಹೆಚ್ಚೆಂದರೆ ಅರ್ಧ ಗಂಟೆ. “ಈಗಲೇ ಏಳು” ಎನ್ನುವ ಬದಲು “ಈ ಸುತ್ತು ಆದ ಮೇಲೆ ಏಳು” ಎಂದು ನೋಡಿ. ಅದಾದ ಮೇಲೂ ಏಳದಿದ್ದರೆ ಆಗ ಸಿಟ್ಟು ಮಾಡುವ ಹಕ್ಕು ನಿಮ್ಮದು.

ಇನ್ನು 2012ರ ‘ಕ್ಯಾಂಡಿ ಕ್ರಷ್ ಸಾಗಾ’. ಇದನ್ನು ಮಕ್ಕಳ ಪಟ್ಟಿಯಲ್ಲಿ ಸೇರಿಸಲು ನನಗೆ ಸಂಕೋಚ, ಏಕೆಂದರೆ ಆಡುವವರಲ್ಲಿ ಅಮ್ಮಂದಿರೂ ಅಪ್ಪಂದಿರೂ ಬೇಕಾದಷ್ಟಿದ್ದಾರೆ. ಐದು ಪ್ರಾಣ ಕೊಡುತ್ತದೆ. ಅವು ಮುಗಿದರೆ ಅರ್ಧ ಗಂಟೆಗೊಂದು ಪ್ರಾಣ ಮರಳಿ ಬರುತ್ತದೆ. ಕಾಯಲಾರೆವೆಂದರೆ ದುಡ್ಡು ಕೊಡಬೇಕು. ಹಂತಗಳು ಸಾವಿರಗಟ್ಟಲೆ, ಹೊಸವು ಸೇರುತ್ತಲೇ ಇರುತ್ತವೆ. ನೋಡಲು ಸಕ್ಕರೆ ಮಿಠಾಯಿ. ಆದರೆ ನಮ್ಮ ಕಾತರಕ್ಕೇ ಬೆಲೆ ಕಟ್ಟಿ ನಮಗೇ ಮಾರುವ ಈ ವ್ಯಾಪಾರ ನನಗೆ ಕಾಂಟ್ರಾದ ಬಂದೂಕಿಗಿಂತ ಹೆಚ್ಚು ಅಂಜಿಕೆ ಹುಟ್ಟಿಸುತ್ತದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ದುಡ್ಡು ಮುಗಿದರೆ ಆಟ ನಿಲ್ಲುತ್ತಿತ್ತು. ಈಗ ಆಟ ನಿಂತರೆ ದುಡ್ಡು ಕೇಳುತ್ತದೆ.

ಈ ವ್ಯತ್ಯಾಸವನ್ನು ನಮ್ಮ ಮೈಸೂರಿನವರಿಗೆ ಹೇಳಿಕೊಡಬೇಕಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳ ಬಹುದೊಡ್ಡ ರಸಿಕರು. ಅವರು ರಚಿಸಿದ ಆಟಗಳ ಚಿತ್ರಗಳನ್ನು ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆಯೇ ಬರೆಸಲಾಗಿದೆ. ನಮ್ಮ ಅಜ್ಜಿಯರು ವೈಕುಂಠ ಏಕಾದಶಿಯ ಜಾಗರಣೆಗೆ ಪರಮಪದ ಸೋಪಾನ ಪಟ ಹಾಸುತ್ತಿದ್ದರು. ಹಾವು ನುಂಗಿ ಎಷ್ಟು ಸಲ ಕೆಳಗಿಳಿದರೂ ಮೇಲೆ ವೈಕುಂಠವೆಂಬುದೊಂದು ಇದ್ದೇ ಇರುತ್ತಿತ್ತು. ಅಲ್ಲಿ ಕಾಯಿ ಸೇರಿದರೆ ಪಟ ಮಡಿಚಿ ಎದ್ದುಬಿಡುವುದು. ಪ್ರತಿ ತಿಂಗಳೂ ವೈಕುಂಠವನ್ನು ಒಂದು ಮೆಟ್ಟಿಲು ಮೇಲಕ್ಕೆ ಸರಿಸುವ ಪಟವನ್ನು ಯಾವ ಅಜ್ಜಿ ಆಡುತ್ತಿದ್ದಳು?

ಆದ್ದರಿಂದ ಪಾಲಕರಿಗೆ ನನ್ನ ಸಲಹೆ ಇಷ್ಟೆ. ಆಟದ ಹೆಸರು ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ. ಇದು ಎಲ್ಲಿ ಮುಗಿಯುತ್ತದೆ? ಸೋತಾಗ ತಿದ್ದಿಕೊಳ್ಳಲು ಬಿಡುತ್ತದೆಯೋ, ದುಡ್ಡು ಕೇಳುತ್ತದೆಯೋ? ಊಟಕ್ಕೆ ಕರೆದರೆ ಎಷ್ಟು ಹೊತ್ತಿನಲ್ಲಿ ಬರಬಹುದು? ಉತ್ತರ ಹುಡುಗನೇ ಹೇಳಲಿ. ಮೊಬೈಲಿನ ಹಣ ಪಾವತಿಯ ಗುಪ್ತ ಸಂಖ್ಯೆ ಮಾತ್ರ ಎಂದಿಗೂ ಮಕ್ಕಳಿಗೆ ತಿಳಿಯಬಾರದು. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳ ಮಾತಂತೂ ಬೇಡವೇ ಬೇಡ. ಅವುಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿದೆ.

ಹಾಗೆಂದು ಆಡುವ ಮಗುವೆಲ್ಲ ರೋಗಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿರುವುದು ನಿಜ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗಿರಬೇಕು, ಹಾನಿಯಾಗುತ್ತಿದ್ದರೂ ಬಿಡಲಾಗದಂತಿರಬೇಕು, ಸಾಮಾನ್ಯವಾಗಿ ಒಂದು ವರ್ಷವಾದರೂ ಹಾಗೆಯೇ ನಡೆದಿರಬೇಕು ಎಂದು ಅದು ಹೇಳುತ್ತದೆ. ಅಂಥ ಲಕ್ಷಣ ಕಂಡರೆ ಬೈದು ಪ್ರಯೋಜನವಿಲ್ಲ, ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕಾಗಿಯೇ 2014ರಲ್ಲಿ ಒಂದು ಚಿಕಿತ್ಸಾಲಯ ತೆರೆದಿದೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಬಿಡದಂತೆ ಹಿಡಿದಿಡುವ ಆಟವನ್ನು ಮಾಡಿದವರು ಬುದ್ಧಿವಂತರು, ಒಪ್ಪೋಣ. ಆದರೆ ಅಮ್ಮನ ಫೋನಿನಲ್ಲಿ ಗುಪ್ತ ಸಂಖ್ಯೆ ಒತ್ತಿದ ಬೆರಳು ಅವರದಲ್ಲ. ಅಳಿಯನಿಗೂ ಇದನ್ನೇ ಹೇಳಿದೆ. ನನ್ನ ಅರವತ್ತು ರೂಪಾಯಿಯ ಕಥೆಯನ್ನೂ ಹೇಳಿದೆ. ಮೊದಲು ನಕ್ಕ, ಆಮೇಲೆ ಅತ್ತ. ಹುಟ್ಟುಹಬ್ಬಕ್ಕೂ ದಸರೆಗೂ ಬರುವ ದುಡ್ಡಿನಲ್ಲಿ ತೀರಿಸುತ್ತೇನೆಂದು ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಟ್ಟಿದ್ದಾನೆ. ಆ ಆಟವನ್ನು ಅವನೇ ಅಳಿಸಿದ. ಎರಡು ವಾರದ ನಂತರ ಸ್ನೇಹಿತನ ಫೋನಿನಲ್ಲಿ ಒಂದು ಸುತ್ತು ಆಡಿದೆ ಎಂದು ತಾನಾಗಿಯೇ ಬಂದು ಹೇಳಿದ. ಹೇಳಿದನಲ್ಲ, ಅಷ್ಟು ಸಾಕು.

ಮೊನ್ನೆ ಭಾನುವಾರ ನನ್ನ ಹಳೆಯ ಕಂಪ್ಯೂಟರನ್ನು ಅಕ್ಕನ ಮನೆಗೆ ಹೊತ್ತುಕೊಂಡು ಹೋಗಿ ಅವನಿಗೆ ಪ್ರಿನ್ಸ್ ಆಫ್ ಪರ್ಷಿಯಾ ಹಾಕಿಕೊಟ್ಟೆ. ನಮ್ಮ ತಂದೆಯ ಹಾಗೆ ನಾನೂ ಹಿಂದೆ ಸ್ಟೂಲು ಹಾಕಿಕೊಂಡು ಕೂತೆ. ಅರವತ್ತು ನಿಮಿಷ ಆಯಿತು.

“ಮುಗೀತೇನೋ?”

“ಮುಗೀತು ಮಾವ. ರಾಜಕುಮಾರಿ ಮಾತ್ರ ಸಿಗ್ಲಿಲ್ಲ.”

“ಮುಂದಿನ ವಾರ ಸಿಗ್ತಾಳೆ. ನಡಿ, ಊಟ ಮಾಡೋಣ.”

ಇಬ್ಬರೂ ಕೈ ತೊಳೆದು ಎಲೆಯ ಮುಂದೆ ಕೂತೆವು. ಒಳಗಿನಿಂದ ಅಕ್ಕನ ದನಿ ಕೇಳಿಸಿತು. “ಒಂದೇ ನಿಮಿಷ ಇರ್ರೋ, ಕೊನೇ ಪ್ರಾಣ ಇದು. ಈ ಲೆವೆಲ್ ಒಂದು ಮುಗಿಸಿ ಬಡಿಸ್ತೀನಿ!”