ಎನ್‌ಎಫ್‌ಟಿ: ಕೊಂಡದ್ದು ಸೀರೆಯೋ, ಬರೀ ಚೀಟಿಯೋ?

ಮೊಳಕಾಲ್ಮೂರು ರೇಷ್ಮೆ ಸೀರೆಗೆ ಜಿಐ ಮಾನ್ಯತೆ ಇದೆ. ಆದರೆ ಆ ಸೀರೆಯ ಫೋಟೋವನ್ನು ಯಾರು ಬೇಕಾದರೂ ಎನ್‌ಎಫ್‌ಟಿ ಮಾಡಿ ಮಾರಾಟಕ್ಕಿಡಬಹುದು. ನೇಕಾರ ಒಪ್ಪಿದ್ದಾನೆಯೇ ಎಂದು ಬ್ಲಾಕ್‌ಚೈನ್ ಕೇಳುವುದಿಲ್ಲ. ಕೊಂಡವರಿಗೆ ಸಿಗುವುದು ಕಂಪ್ಯೂಟರ್ ಲೆಕ್ಕದಲ್ಲಿ ಅವರ ಹೆಸರಿಗೆ ಒಂದು ನಮೂದು. ಸೀರೆಯಂತೂ ಇಲ್ಲ, ವಿನ್ಯಾಸದ ಹಕ್ಕೂ ಸಾಮಾನ್ಯವಾಗಿ ಇರುವುದಿಲ್ಲ. ಚಳ್ಳಕೆರೆ ಕಂಬಳಿಯ ಫೋಟೋ ಆದರೂ ಅಷ್ಟೇ.

2021ರಲ್ಲಿ ಅಮೆರಿಕದ ಬೀಪಲ್ ಎಂಬ ಕಲಾವಿದನ ಎನ್‌ಎಫ್‌ಟಿ 6.9 ಕೋಟಿ ಡಾಲರಿಗೆ ಹೋದದ್ದನ್ನು ತೋರಿಸಿ ಆಸೆ ಹುಟ್ಟಿಸುವವರು, 2022ರಲ್ಲಿ ಮಾರುಕಟ್ಟೆ ಕುಸಿದದ್ದನ್ನು ಹೇಳುವುದಿಲ್ಲ.

ಮೊಬೈಲಿನಲ್ಲಿ ಲಾಭ ಬೆಳೆದಂತೆ ಕಾಣುತ್ತದೆ. ಹಣ ತೆಗೆಯಹೊರಟರೆ ‘ಮೊದಲು 30% ತೆರಿಗೆ ಕಳುಹಿಸಿ’ ಎನ್ನುತ್ತಾರೆ. 2022ರಿಂದ ಆ ತೆರಿಗೆ ಇರುವುದು ನಿಜ, ಮೋಸಕ್ಕೆ ಅದೇ ಅನುಕೂಲ! ಆದರೆ ಅದನ್ನು ಕಟ್ಟುವುದು ಆದಾಯ ತೆರಿಗೆ ಇಲಾಖೆಗೆ, ಮಾರಿದವನ ಖಾತೆಗಲ್ಲ. ವ್ಯಾಲೆಟ್ಟಿನ 12 ಗುಪ್ತ ಪದಗಳನ್ನು ಕೇಳಿದರೂ ಮಾತು ಅಲ್ಲಿಗೇ ನಿಲ್ಲಿಸಿ.

ಹಣ ಹೋಗಿದ್ದರೆ ಸಂಕೋಚ ಬಿಟ್ಟು ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ದಾಟುತ್ತದೆ.