ಗಣಕಯಂತ್ರಗಳ ಗಡುವು

ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯನ್ನು ಮೈಕ್ರೋಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ರಂದು ನಿಲ್ಲಿಸಿದ್ದು ವಾಚಕರಿಗೆ ತಿಳಿದ ಸಂಗತಿ. ಸಂಸ್ಥೆಗಳು ಹಣ ತೆತ್ತು 2028ರ ಅಕ್ಟೋಬರ್ ವರೆಗೆ ರಕ್ಷಣೆ ಪಡೆಯಬಹುದು. ಆದರೆ ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್ ಇದ್ದ ದರವು ವರ್ಷವರ್ಷವೂ ಇಮ್ಮಡಿಸುತ್ತದೆ.

ಹಾಗಾದರೆ ನಮ್ಮ ನಾಲ್ಕು ತಾಲೂಕುಗಳಿಗೆ ಎಷ್ಟು ಹೊಸ ಯಂತ್ರಗಳು ಬೇಕು? ಹಳೆಯ ಯಂತ್ರಗಳ ಒಟ್ಟು ಸಂಖ್ಯೆಯನ್ನೇ ಬೇಡಿಕೆಯೆಂದು ಭಾವಿಸುವುದು ತಪ್ಪು. ಟಿಪಿಎಂ 2.0 ಎಂಬ ಭದ್ರತಾ ಅಂಗವೂ ತಕ್ಕ ಪ್ರೊಸೆಸರೂ ಉಳ್ಳವು ವೆಚ್ಚವಿಲ್ಲದೆ ವಿಂಡೋಸ್ 11ಕ್ಕೆ ಏರುತ್ತವೆ. ಕೆಲವು ಲಿನಕ್ಸಿನಿಂದ ಬಾಳುತ್ತವೆ. ಮಿಕ್ಕವೇ ನಿಜವಾದ ಬೇಡಿಕೆ.

ಈ ಬೇಡಿಕೆಯೂ ಒಂದೇ ದಿನ ಬರುವುದಲ್ಲ. 2020ರ ಜನವರಿಯಲ್ಲಿ ವಿಂಡೋಸ್ 7ರ ಗಡುವು ಮುಗಿಯುವ ಮುನ್ನವೇ, 2019ರಲ್ಲಿ, ಜಗತ್ತಿನ ಮಾರಾಟವು ಹಲವು ವರ್ಷಗಳ ಇಳಿತದ ಬಳಿಕ ಏರಿತು. ದೊಡ್ಡವರು ಮೊದಲೇ ಕೊಳ್ಳುತ್ತಾರೆ. ದಾಂಡೇಲಿಯ ಕಾಗದದ ಗಿರಣಿ, ಹಳಿಯಾಳದ ಸಕ್ಕರೆ ಕಾರಖಾನೆಗಳಂಥವುಗಳಿಗೆ ಆ ಶಕ್ತಿಯುಂಟು. ಜೋಯಿಡಾದ ಸಹಕಾರಿ ಸಂಘವಾಗಲಿ, ಮುಂಡಗೋಡದ ಅಂಗಡಿಕಾರನಾಗಲಿ ಯಂತ್ರ ಕೆಡುವವರೆಗೆ ಕಾದರೆ, ಪೇಟೆ ಹೇಳಿದ ಬೆಲೆಯನ್ನೇ ತೆರಬೇಕಾದೀತು.

ಆದುದರಿಂದ ಪ್ರತಿಯೊಂದು ಕಚೇರಿಯೂ ಸಂಘವೂ ಏರಿಸತಕ್ಕವು, ಉಳಿಸತಕ್ಕವು, ಬದಲಿಸತಕ್ಕವು ಎಂಬ ಮೂರು ಪಟ್ಟಿಗಳನ್ನು ವಾರ್ಷಿಕ ಆಯವ್ಯಯಕ್ಕೆ ಮುಂಚಿತವಾಗಿ ಸಿದ್ಧಪಡಿಸತಕ್ಕದ್ದು. ನೆರೆ ಬಂದ ಮೇಲೆ ಒಡ್ಡು ಕಟ್ಟುವುದು ಜಾಣತನವಲ್ಲವೆಂದು ನಾವು ಬಿನ್ನವಿಸುತ್ತೇವೆ.